ನೆಲದ ಹಸಿ ಎಷ್ಟು? ವೀಕ್ಷಣೆ ಮತ್ತು ಗಣಕ ಮಾದರಿಗಳನ್ನು ಬೆಸೆದು ಜಗತ್ತಿನ ನೆಲದ ಸ್ಥಿತಿ ತಿಳಿಯುವ ಬಗೆ

ಮಣ್ಣಿನ ತೇವಾಂಶದ ಜಾಗತಿಕ ನಕ್ಷೆಗಳನ್ನು ನೋಡಿದ ಓದುಗರು ನನಗೆ ಬರೆಯುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಒಂದೇ ಜಾಗ, ಒಂದೇ ತಿಂಗಳು. ಒಂದು ಕಡತ ಮಣ್ಣಿನ ಗಾತ್ರದ ನೂರರಲ್ಲಿ ಹದಿನೆಂಟು ಪಾಲು ನೀರು ಎನ್ನುತ್ತದೆ, ಇನ್ನೊಂದು ಮೂವತ್ತು ಪಾಲು ಎನ್ನುತ್ತದೆ. ಯಾವುದನ್ನು ನಂಬಲಿ?"

ಆ ಎರಡು ಸಂಖ್ಯೆಗಳನ್ನೂ ಆ ಜಾಗದಲ್ಲಿ ಯಾರೂ ಅಳೆದಿಲ್ಲ. ಎರಡೂ ಅಂದಾಜುಗಳು. ಆದರೆ ಮನಸ್ಸಿಗೆ ತೋಚಿದ ಅಂದಾಜುಗಳಲ್ಲ. ಮಳೆಮಾಪಕ, ಉಪಗ್ರಹ, ಹವಾಮಾನ ಕೇಂದ್ರಗಳ ವೀಕ್ಷಣೆಗಳನ್ನು ಭೌತಶಾಸ್ತ್ರದ ಸಮೀಕರಣಗಳ ಮೂಲಕ ಹಾಯಿಸಿ ಪಡೆದ ಅಂದಾಜುಗಳು. ಹೀಗೆ ಮಾದರಿಯೊಳಕ್ಕೆ ವೀಕ್ಷಣೆಯನ್ನು ಬೆಸೆಯುವ ಕ್ರಮಕ್ಕೆ ಡೇಟಾ ಅಸಿಮಿಲೇಶನ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ದತ್ತಾಂಶ ಬೆಸುಗೆ ಎಂದು ಕರೆಯುತ್ತೇನೆ. ಈ ಬೆಸುಗೆ ಎಲ್ಲಿ ಆಗಿದೆ, ಎಲ್ಲಿ ಆಗಿಲ್ಲ ಎಂದು ಗುರುತಿಸಲು ಕಲಿತರೆ ಮೇಲಿನ ಪ್ರಶ್ನೆಗೆ ನೀವೇ ಉತ್ತರ ಕಂಡುಕೊಳ್ಳಬಹುದು. ಅದಕ್ಕಾಗಿಯೇ ಈ ಹಂತಗಳನ್ನು ಬರೆಯುತ್ತಿದ್ದೇನೆ.

ಬೇಕಾಗುವುದು ಇಷ್ಟು: ಸಾಧಾರಣ ಕಂಪ್ಯೂಟರ್, ಅಂತರ್ಜಾಲ ಸಂಪರ್ಕ, ನಾಸಾದ ಅರ್ಥ್‌ಡೇಟಾ ಖಾತೆ, ಯುರೋಪಿನ ಕೋಪರ್ನಿಕಸ್ ಕಾರ್ಯಕ್ರಮದ ಕ್ಲೈಮೇಟ್ ಡೇಟಾ ಸ್ಟೋರ್ ಖಾತೆ. ಎರಡೂ ಖಾತೆಗಳು ಉಚಿತ. ಪೈಥಾನ್ ಬಲ್ಲವರು ಎಕ್ಸ್‌ಅರೇ ಎಂಬ ಸಲಕರಣೆಯನ್ನು ಹಾಕಿಕೊಳ್ಳಿ. ಕೋಡ್ ಬರೆಯದವರಿಗೆ ನಾಸಾದ ಪನೋಪ್ಲಿ ತಂತ್ರಾಂಶ ಸಾಕು; ಅದು ಕಡತವನ್ನು ತೆರೆದು ನೇರವಾಗಿ ನಕ್ಷೆ ತೋರಿಸುತ್ತದೆ. ಕಡತವನ್ನೂ ಇಳಿಸಿಕೊಳ್ಳದೆ ನೋಡಬೇಕೆಂದರೆ ಜಿಯೊವನ್ನಿ ಎಂಬ ನಾಸಾ ಜಾಲತಾಣವಿದೆ. ನೀವು ಮೊದಲ ಸಲ ನೋಡುತ್ತಿದ್ದರೆ ಅಲ್ಲಿಂದಲೇ ಆರಂಭಿಸಿ.

1. ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ

ಯಾವ ಅಂಶ, ಎಷ್ಟು ಆಳ, ಎಷ್ಟು ವರ್ಷ, ಎಷ್ಟು ದೊಡ್ಡ ಪ್ರದೇಶ ಎಂಬ ನಾಲ್ಕೂ ಆ ವಾಕ್ಯದಲ್ಲಿರಲಿ. "ಬರ ಇದೆಯೇ" ಎಂಬುದು ಇನ್ನೂ ಹದಗೊಳ್ಳದ ಪ್ರಶ್ನೆ. "ಈ ನದಿ ಕಣಿವೆಯಲ್ಲಿ ಮೇಲಿನ ಒಂದು ಮೀಟರ್ ಮಣ್ಣಿನ ತೇವಾಂಶ ಈ ಜುಲೈಯಲ್ಲಿ ವಾಡಿಕೆಗಿಂತ ಎಷ್ಟು ಕಡಿಮೆಯಾಗಿದೆ" ಎಂದರೆ ಯಾವ ಕಡತ ಬೇಕೆಂದು ಅರ್ಧ ತೀರ್ಮಾನವಾದಂತೆ. ಒಂದೇ ಹೊಲದ ಪ್ರಶ್ನೆಯಾಗಿದ್ದರೆ ಜಾಗತಿಕ ದತ್ತಾಂಶವನ್ನು ನೆಚ್ಚಬೇಡಿ. ಅದರ ಒಂದೊಂದು ಚೌಕವೂ ಸಾಮಾನ್ಯವಾಗಿ ಒಂಬತ್ತರಿಂದ ಇಪ್ಪತ್ತೆಂಟು ಕಿಲೋಮೀಟರ್ ಅಗಲದ್ದು. ಆ ಚೌಕದಲ್ಲಿ ಹೊಲ, ಕಾಡು, ಊರು, ಕೆರೆ ಎಲ್ಲವೂ ಸೇರಿ ಒಂದೇ ಸಂಖ್ಯೆಯಾಗಿರುತ್ತವೆ.

2. ವೀಕ್ಷಣೆ ಯಾವ ಬಾಗಿಲಿನಿಂದ ಒಳಬಂದಿದೆ ಎಂದು ತಿಳಿಯಿರಿ

ಈ ಹಂತವನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಮುಂದೆ ಬರುವ ಗೊಂದಲಗಳಲ್ಲಿ ಬಹುಪಾಲು ಇಲ್ಲಿಯೇ ಹುಟ್ಟುತ್ತವೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ನೆಲದ ಮಾದರಿ ಎಂದರೆ ಮಣ್ಣನ್ನು ಕೆಲವು ಪದರಗಳಾಗಿ ವಿಂಗಡಿಸಿ, ಮೇಲಿನಿಂದ ಬಿದ್ದ ನೀರು ಎಷ್ಟು ಇಂಗಿತು, ಎಷ್ಟು ಹರಿದುಹೋಯಿತು, ಎಷ್ಟು ಆವಿಯಾಯಿತು ಎಂದು ಗಂಟೆಗಂಟೆಗೂ ಲೆಕ್ಕ ಇಡುವ ಗಣಕ ಕಾರ್ಯಕ್ರಮ. ಇದೊಂದು ಜಮಾಖರ್ಚಿನ ಪುಸ್ತಕ. ಮಳೆ ಜಮೆ, ಆವಿ ಮತ್ತು ಹರಿವು ಖರ್ಚು, ಮಣ್ಣಿನಲ್ಲಿ ಉಳಿದ ನೀರು ಶಿಲ್ಕು. ಈ ಪುಸ್ತಕದೊಳಗೆ ವೀಕ್ಷಣೆ ಬರಲು ಮೂರು ಬಾಗಿಲುಗಳಿವೆ.

ಮೊದಲನೆಯದು ಹವಾಮಾನದ ಒಳಹರಿವು. ಮಳೆ, ಬಿಸಿಲು, ವಾತಾವರಣ ಕೆಳಗೆ ಸೂಸುವ ಶಾಖ, ಗಾಳಿಯ ಉಷ್ಣತೆ, ಆರ್ದ್ರತೆ, ಗಾಳಿಯ ವೇಗ, ಒತ್ತಡ ಈ ಏಳನ್ನು ಮಾದರಿಗೆ ಹೊರಗಿನಿಂದ ಕೊಡಬೇಕು. ಇವುಗಳಲ್ಲಿ ಮಳೆಯದೇ ಮೇಲುಗೈ. ಮಳೆ ತಪ್ಪಾದರೆ ಮಾದರಿ ಎಷ್ಟೇ ಜಾಣವಾಗಿದ್ದರೂ ಮಣ್ಣಿನ ಲೆಕ್ಕ ತಪ್ಪುತ್ತದೆ.

ಎರಡನೆಯದು ನೆಲದ ಗುಣಗಳು: ಮಣ್ಣು ಮರಳೋ ಜೇಡಿಯೋ, ಮೇಲೆ ಕಾಡಿದೆಯೋ ಹುಲ್ಲಿದೆಯೋ, ಎಲೆಗಳ ದಟ್ಟಣೆ ಎಷ್ಟು, ನೆಲ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ಟೆರ್ರಾ ಮತ್ತು ಆಕ್ವಾ ಉಪಗ್ರಹಗಳ ಮೇಲಿನ ಮೋಡಿಸ್ ಉಪಕರಣದಂತಹವು ಇಲ್ಲಿ ನೆರವಾಗುತ್ತವೆ.

ಮೂರನೆಯ ಬಾಗಿಲು ಶಿಲ್ಕಿನ ತಿದ್ದುಪಡಿ. ಮಾದರಿ ಓಡುತ್ತಿರುವಾಗಲೇ ಉಪಗ್ರಹ ಮಣ್ಣಿನ ಹಸಿಯನ್ನೋ ಹಿಮವನ್ನೋ ನೇರವಾಗಿ ಗಮನಿಸಿದರೆ, ಮಾದರಿಯ ಶಿಲ್ಕನ್ನು ಆ ದಿಕ್ಕಿಗೆ ಸ್ವಲ್ಪ ಸರಿಸುವುದು. ಕಟ್ಟುನಿಟ್ಟಾಗಿ ಹೇಳುವುದಾದರೆ ದತ್ತಾಂಶ ಬೆಸುಗೆ ಎಂಬ ಹೆಸರು ಸಲ್ಲುವುದು ಇದಕ್ಕೆ ಮಾತ್ರ.

ಎಡವುವ ಜಾಗ: ಹೆಸರನ್ನು ನೋಡಿ ಮೋಸಹೋಗಬೇಡಿ. ಜಿಎಲ್‌ಡಿಎಎಸ್ (ಗ್ಲೋಬಲ್ ಲ್ಯಾಂಡ್ ಡೇಟಾ ಅಸಿಮಿಲೇಶನ್ ಸಿಸ್ಟಂ) ಎಂಬ ಜಾಗತಿಕ ವ್ಯವಸ್ಥೆಯ ಹೆಸರಿನಲ್ಲೇ ಡೇಟಾ ಅಸಿಮಿಲೇಶನ್ ಎಂಬ ಮಾತಿದೆ. ಆದರೂ ಹೆಚ್ಚು ಜನ ಬಳಸುವ ಅದರ 2.1ನೇ ಆವೃತ್ತಿಯ ನೋವಾ ಎಂಬ ನೆಲದ ಮಾದರಿಯಲ್ಲಿ ಉಪಗ್ರಹ ಕಂಡ ಮಣ್ಣಿನ ತೇವಾಂಶವನ್ನು ಮೂರನೆಯ ಬಾಗಿಲಿನಿಂದ ಒಳಕ್ಕೆ ಬಿಟ್ಟಿಲ್ಲ. ಅಲ್ಲಿ ವೀಕ್ಷಣೆ ಬಂದಿರುವುದು ಮೊದಲ ಎರಡು ಬಾಗಿಲುಗಳಿಂದ. ಇದು ಆ ದತ್ತಾಂಶದ ದೋಷವಲ್ಲ. ಆದರೆ ಉಪಗ್ರಹ ಅಳೆದ ತೇವಾಂಶವೆಂದು ಅದನ್ನು ಕರೆದರೆ ಆ ಮಾತು ಸುಳ್ಳಾಗುತ್ತದೆ.

3. ಪ್ರಶ್ನೆಗೆ ತಕ್ಕ ದತ್ತಾಂಶ ಆಯ್ದುಕೊಳ್ಳಿ

ಆಯ್ಕೆಗಳು ಬಹಳ. ಆರಂಭಿಸುವವರಿಗೆ ನಾನು ಸೂಚಿಸುವುದು ಮೂರನ್ನು ಮಾತ್ರ.

ಜಿಎಲ್‌ಡಿಎಎಸ್: ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಬೆಳೆದ ವ್ಯವಸ್ಥೆ, ಇದನ್ನು ಪರಿಚಯಿಸಿದ ಮುಖ್ಯ ಪ್ರಬಂಧ 2004ರಲ್ಲಿ ಪ್ರಕಟವಾಯಿತು. ನೋವಾ, ಕ್ಯಾಚ್‌ಮೆಂಟ್, ವಿಐಸಿ ಎಂಬ ಬೇರೆ ಬೇರೆ ಮಾದರಿಗಳ ಫಲಿತಾಂಶ ಒಂದೇ ಕಡೆ ಸಿಗುತ್ತದೆ. ನೋವಾ ಕಾಲು ಡಿಗ್ರಿ ಚೌಕಗಳಲ್ಲಿ ಲಭ್ಯ. ಭೂಮಧ್ಯರೇಖೆಯ ಬಳಿ ಅದು ಸುಮಾರು 28 ಕಿಲೋಮೀಟರ್. ಮೂರು ಗಂಟೆಗೊಮ್ಮೆ ಮತ್ತು ತಿಂಗಳಿಗೊಮ್ಮೆ ಕಡತಗಳಿವೆ. 2.0 ಆವೃತ್ತಿ 1948ರಿಂದ 2014ರವರೆಗೆ, 2.1 ಆವೃತ್ತಿ 2000ದಿಂದ ಈಚೆಗೆ. ದಕ್ಷಿಣಕ್ಕೆ 60 ಡಿಗ್ರಿ ಅಕ್ಷಾಂಶದಲ್ಲಿ ನಿಲ್ಲುತ್ತದೆ, ಅಂಟಾರ್ಕ್ಟಿಕಾ ಇಲ್ಲ.

ಇಆರ್‌ಎ5-ಲ್ಯಾಂಡ್: ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ್ದು. 1950ರಿಂದ ಗಂಟೆಗಂಟೆಯ ಲೆಕ್ಕ, ಸುಮಾರು 9 ಕಿಲೋಮೀಟರ್ ಚೌಕ. ದೀರ್ಘ ಕಾಲದ ಏಕರೂಪದ ದಾಖಲೆ ಬೇಕಾದರೆ ಇದು ಚೆನ್ನ. ಇಲ್ಲಿಯೂ ಶಿಲ್ಕಿನ ನೇರ ತಿದ್ದುಪಡಿ ಇಲ್ಲ. ವೀಕ್ಷಣೆಗಳು ಇಆರ್‌ಎ5 ಎಂಬ ಮೂಲ ಹವಾಮಾನ ಮರುವಿಶ್ಲೇಷಣೆಯ ಮೂಲಕ ಪರೋಕ್ಷವಾಗಿ ಬರುತ್ತವೆ. ಮರುವಿಶ್ಲೇಷಣೆ ಎಂದರೆ ಹಿಂದಿನ ದಿನಗಳ ವೀಕ್ಷಣೆಗಳನ್ನೆಲ್ಲ ಇಂದಿನ ಒಂದೇ ಮಾದರಿಯಲ್ಲಿ ಮತ್ತೆ ಓಡಿಸುವುದು.

ಸ್ಮ್ಯಾಪ್ ನಾಲ್ಕನೇ ಮಟ್ಟದ ದತ್ತಾಂಶ: 2015ರ ಜನವರಿ 31ರಂದು ಹಾರಿದ ನಾಸಾದ ಸ್ಮ್ಯಾಪ್ ಉಪಗ್ರಹ 1.41 ಗಿಗಾಹರ್ಟ್ಸ್ ಆವರ್ತನದಲ್ಲಿ ನೆಲ ಸೂಸುವ ಸೂಕ್ಷ್ಮತರಂಗವನ್ನು ಅಳೆಯುತ್ತದೆ. ನೀರಿನ ವಿದ್ಯುತ್ ಗುಣ ಒಣಮಣ್ಣಿನದಕ್ಕಿಂತ ಬಹಳ ಭಿನ್ನವಾದ್ದರಿಂದ ಹಸಿಮಣ್ಣು ಈ ಆವರ್ತನದಲ್ಲಿ ಒಣಮಣ್ಣಿಗಿಂತ ಕಡಿಮೆ ತರಂಗ ಸೂಸುತ್ತದೆ. ಆದರೆ ಉಪಗ್ರಹಕ್ಕೆ ಕಾಣುವುದು ಮೇಲಿನ ಸುಮಾರು 5 ಸೆಂಟಿಮೀಟರ್ ಮಾತ್ರ, ಅದೂ ಎರಡು-ಮೂರು ದಿನಕ್ಕೊಮ್ಮೆ, ಸುಮಾರು 40 ಕಿಲೋಮೀಟರ್ ಅಗಲದ ಒರಟು ನೋಟ. ನಾಲ್ಕನೇ ಮಟ್ಟದ ದತ್ತಾಂಶದಲ್ಲಿ ಈ ನೋಟವನ್ನು ಕ್ಯಾಚ್‌ಮೆಂಟ್ ಮಾದರಿಯೊಂದಿಗೆ ಬೆಸೆದು, 9 ಕಿಲೋಮೀಟರ್ ಚೌಕದಲ್ಲಿ, ಮೂರು ಗಂಟೆಗೊಮ್ಮೆ, ಒಂದು ಮೀಟರ್ ಆಳದ ಬೇರುವಲಯದವರೆಗೂ ಲೆಕ್ಕ ಕೊಡುತ್ತಾರೆ. ಇದು ಮೂರನೆಯ ಬಾಗಿಲು ತೆರೆದಿರುವ ದತ್ತಾಂಶ. ದಾಖಲೆ ಶುರುವಾಗುವುದೇ 2015ರಿಂದ ಎಂಬುದು ಇದರ ಮಿತಿ.

ದಟ್ಟ ಕಾಡು, ಹಿಮ ಮುಚ್ಚಿದ ನೆಲ, ಹೆಪ್ಪುಗಟ್ಟಿದ ಮಣ್ಣು ಈ ಮೂರು ಕಡೆ ಸೂಕ್ಷ್ಮತರಂಗ ವೀಕ್ಷಣೆ ಸೋಲುತ್ತದೆ. ಅಂತಹ ಕಡೆ ಬೆಸೆದ ದತ್ತಾಂಶವೂ ಹೆಚ್ಚುಕಡಿಮೆ ಬರಿಯ ಮಾದರಿಯೇ ಆಗಿರುತ್ತದೆ ಎಂಬುದನ್ನು ನೆನಪಿಡಿ.

4. ಸಣ್ಣ ಕಡತದಿಂದ ಆರಂಭಿಸಿ

ಮೊದಲ ದಿನವೇ ಎಪ್ಪತ್ತು ವರ್ಷಗಳ ಗಂಟೆಗಂಟೆಯ ಕಡತ ಇಳಿಸಲು ಹೊರಡಬೇಡಿ. ಒಂದು ತಿಂಗಳ ಒಂದು ಕಡತ ತೆಗೆದುಕೊಳ್ಳಿ. ಅದು ಸಾಮಾನ್ಯವಾಗಿ ನೆಟ್‌ಸಿಡಿಎಫ್ ರೂಪದಲ್ಲಿರುತ್ತದೆ. ಅಕ್ಷಾಂಶ, ರೇಖಾಂಶ, ಕಾಲ ಈ ಮೂರು ಆಯಾಮಗಳ ಕೋಷ್ಟಕದ ಜೊತೆಗೆ ಪ್ರತಿ ಅಂಶದ ಮಾನ, ಅರ್ಥ, ಖಾಲಿ ಜಾಗದ ಗುರುತು ಎಲ್ಲವೂ ಅದರೊಳಗೇ ಬರೆದಿರುವ ಕಡತ ಅದು. ತೆರೆದ ಕೂಡಲೇ ಆ ವಿವರಗಳನ್ನು ಪೂರ್ತಿ ಓದಿ.

ಮೂರು ವಿಷಯಗಳನ್ನು ಅಲ್ಲಿಯೇ ಖಚಿತಪಡಿಸಿಕೊಳ್ಳಿ. ಸಮುದ್ರದ ಚೌಕಗಳಲ್ಲಿ -9999ರಂತಹ ಖಾಲಿ ಗುರುತು ಇರುತ್ತದೆ. ಅದನ್ನು ತೆಗೆಯದೆ ಸರಾಸರಿ ಮಾಡಿದರೆ ಫಲಿತಾಂಶ ಅಸಂಬದ್ಧವಾಗುತ್ತದೆ. ರೇಖಾಂಶ ಕೆಲವು ಕಡತಗಳಲ್ಲಿ -180ರಿಂದ 180ರವರೆಗೆ, ಕೆಲವದರಲ್ಲಿ 0ಯಿಂದ 360ರವರೆಗೆ. ಎರಡನ್ನು ತಾಳೆ ನೋಡುವ ಮೊದಲು ಒಂದೇ ಕ್ರಮಕ್ಕೆ ತನ್ನಿ. ಕಾಲವೆಲ್ಲ ಯುಟಿಸಿ, ಅಂದರೆ ಜಾಗತಿಕ ಸಮಯ. ನಿಮ್ಮ ಊರಿನ ದಿನದ ಗಡಿ ಬೇರೆ.

ಪ್ರದೇಶದ ಸರಾಸರಿ ತೆಗೆಯುವಾಗ ಪ್ರತಿ ಚೌಕಕ್ಕೂ ಅದರ ಅಕ್ಷಾಂಶದ ಕೊಸೈನಿನಷ್ಟು ತೂಕ ಕೊಡಿ. ಉತ್ತರ 60 ಡಿಗ್ರಿಯಲ್ಲಿ ಒಂದು ಚೌಕದ ವಿಸ್ತಾರ ಭೂಮಧ್ಯರೇಖೆಯ ಚೌಕದ ಅರ್ಧ ಮಾತ್ರ.

5. ಮಾನಗಳನ್ನು ಸರಿಪಡಿಸಿ

ನನ್ನ ಬಳಿ ತಿದ್ದಲು ಬರುವ ನಕ್ಷೆಗಳಲ್ಲಿ ಅತಿ ಹೆಚ್ಚು ತಪ್ಪುಗಳನ್ನು ಕಂಡಿರುವುದು ಇಲ್ಲಿಯೇ. ಆದ್ದರಿಂದ ಲೆಕ್ಕಗಳನ್ನು ಪೂರ್ತಿ ಬಿಡಿಸಿ ಬರೆಯುತ್ತೇನೆ.

ನೀರಿನ ಒಂದು ಕಿಲೋಗ್ರಾಂ ಒಂದು ಚದರ ಮೀಟರ್ ಮೇಲೆ ಹರಡಿದರೆ ಒಂದು ಮಿಲಿಮೀಟರ್ ಎತ್ತರ ನಿಲ್ಲುತ್ತದೆ. ಈ ಒಂದು ಸಂಗತಿ ಕೈಯಲ್ಲಿದ್ದರೆ ಅರ್ಧ ತೊಡಕು ಬಿಡಿಸಿದಂತೆ.

ಜಿಎಲ್‌ಡಿಎಎಸ್ ನೋವಾದಲ್ಲಿ ಮಣ್ಣಿನ ತೇವಾಂಶ ಚದರ ಮೀಟರಿಗೆ ಕಿಲೋಗ್ರಾಂ ಲೆಕ್ಕದಲ್ಲಿದೆ. ನಾಲ್ಕು ಪದರಗಳು: 0–10, 10–40, 40–100, 100–200 ಸೆಂಟಿಮೀಟರ್. ಮೇಲಿನ ಪದರದಲ್ಲಿ 25 ಎಂದಿದ್ದರೆ 100 ಮಿಲಿಮೀಟರ್ ದಪ್ಪದ ಮಣ್ಣಿನಲ್ಲಿ 25 ಮಿಲಿಮೀಟರ್ ನೀರು; ಅಂದರೆ ಗಾತ್ರದ 0.25 ಪಾಲು. ಎರಡನೆಯ ಪದರದಲ್ಲಿ 75 ಎಂದಿದ್ದರೂ ಅದು ಮೇಲಿನದಕ್ಕಿಂತ ಹೆಚ್ಚು ಹಸಿ ಅಲ್ಲ. ಪದರ ಮೂರು ಪಟ್ಟು ದಪ್ಪ, ಪಾಲು ಅದೇ 0.25. ಇಆರ್‌ಎ5-ಲ್ಯಾಂಡ್‌ನಲ್ಲಿ ತೇವಾಂಶ ನೇರವಾಗಿ ಗಾತ್ರದ ಪಾಲಿನಲ್ಲೇ ಇದೆ, ಆದರೆ ಪದರಗಳು ಬೇರೆ: 0–7, 7–28, 28–100, 100–289 ಸೆಂಟಿಮೀಟರ್. ಎರಡನ್ನೂ ಹೋಲಿಸಬೇಕೆಂದರೆ ಒಂದು ಮೀಟರ್ ಆಳಕ್ಕೆ ಕೂಡಿಸಿ. ಅದೃಷ್ಟಕ್ಕೆ ಎರಡರಲ್ಲೂ ಮೊದಲ ಮೂರು ಪದರಗಳು ಸರಿಯಾಗಿ 100 ಸೆಂಟಿಮೀಟರ್‌ಗೆ ಬಂದು ನಿಲ್ಲುತ್ತವೆ.

ಜಿಎಲ್‌ಡಿಎಎಸ್‌ನಲ್ಲಿ ಮಳೆ ಮತ್ತು ಆವಿ ಸೆಕೆಂಡಿನ ದರದಲ್ಲಿವೆ. ಮೌಲ್ಯ 0.00005 ಎಂದಿದ್ದರೆ 86,400 ಸೆಕೆಂಡಿನಿಂದ ಗುಣಿಸಿ, ದಿನಕ್ಕೆ 4.32 ಮಿಲಿಮೀಟರ್. ಹರಿವು ಮಾತ್ರ ಹಾಗಲ್ಲ, ಮೂರು ಗಂಟೆಯ ಮೊತ್ತ. ತಿಂಗಳ ಕಡತದಲ್ಲಿರುವುದೂ ಮೂರು ಗಂಟೆಯ ಮೊತ್ತದ ಸರಾಸರಿಯೇ. ಅಲ್ಲಿ 0.2 ಎಂದಿದ್ದರೆ ದಿನಕ್ಕೆ ಎಂಟು ಸಲ, ಮೂವತ್ತು ದಿನ: 0.2 × 8 × 30 = 48 ಮಿಲಿಮೀಟರ್. ಒಂದೇ ಕಡತದೊಳಗೆ ಎರಡು ಬಗೆಯ ಮಾನ ಇರುವುದರಿಂದ ಅನುಭವಿಗಳೂ ಇಲ್ಲಿ ಎಡವುತ್ತಾರೆ.

ಇಆರ್‌ಎ5-ಲ್ಯಾಂಡ್‌ನ ಗಂಟೆಯ ಕಡತದಲ್ಲಿ ಇನ್ನೊಂದು ಹೊಂಡವಿದೆ. ಅಲ್ಲಿ ಮಳೆ, ಆವಿ, ಹರಿವು ಮೀಟರ್ ಲೆಕ್ಕದಲ್ಲಿವೆ ಮತ್ತು ಯುಟಿಸಿ ದಿನದ ಆರಂಭದಿಂದ ಆ ಗಂಟೆಯವರೆಗೆ ಕೂಡುತ್ತಾ ಹೋದ ಮೊತ್ತಗಳಾಗಿವೆ. ಗಂಟೆಗೆ ಒಂದು ಮಿಲಿಮೀಟರಿನಂತೆ ದಿನವಿಡೀ ಮಳೆ ಬಂದರೆ ದಿನದ ಮಳೆ 24 ಮಿಲಿಮೀಟರ್. ಆದರೆ ಮಿಲಿಮೀಟರಿಗೆ ತಿರುಗಿಸಿ ನೋಡಿದರೆ ಕಡತದಲ್ಲಿ 1, 2, 3 ಎಂದು 24ರವರೆಗೆ ಏರುವ ಸಂಖ್ಯೆಗಳಿರುತ್ತವೆ. ಅವನ್ನೆಲ್ಲ ಕೂಡಿಸಿದವರಿಗೆ 300 ಮಿಲಿಮೀಟರ್ ಸಿಗುತ್ತದೆ! ದಿನದ ಮೊತ್ತ ಬೇಕಾದರೆ ಮರುದಿನದ 00 ಯುಟಿಸಿ ಮೌಲ್ಯವೊಂದನ್ನೇ ತೆಗೆದುಕೊಳ್ಳಿ. ಇನ್ನು ಅಲ್ಲಿ ಕೆಳಮುಖ ಚಲನೆ ಧನ, ಮೇಲ್ಮುಖ ಚಲನೆ ಋಣ. ಆದ್ದರಿಂದ ಆವಿ -0.003 ಎಂದು ಕಂಡರೆ ನೆಲದಿಂದ 3 ಮಿಲಿಮೀಟರ್ ನೀರು ಮೇಲೆ ಹೋಗಿದೆ ಎಂದರ್ಥ. ಜಿಎಲ್‌ಡಿಎಎಸ್‌ನಲ್ಲಿ ಅದೇ ಆವಿಗೆ ಧನ ಚಿಹ್ನೆ.

ಮಾನ ಸರಿಯಾಗಿದೆಯೇ ಎಂದು ತಿಳಿಯಲು ಜಮಾಖರ್ಚನ್ನೇ ಬಳಸಿ. ಮಳೆಯಿಂದ ಆವಿಯನ್ನೂ ಹರಿವನ್ನೂ ಕಳೆದರೆ ಆ ಅವಧಿಯಲ್ಲಿ ನೆಲದ ನೀರಿನ ಶಿಲ್ಕಿನಲ್ಲಾದ ಬದಲಾವಣೆ ಸಿಗಬೇಕು. ಮಣ್ಣಿನ ಎಲ್ಲ ಪದರಗಳನ್ನೂ ಹಿಮವನ್ನೂ ಸೇರಿಸಿ ನೋಡಿ. ಮೂರನೆಯ ಬಾಗಿಲು ಮುಚ್ಚಿರುವ ದತ್ತಾಂಶದಲ್ಲಿ ಈ ಲೆಕ್ಕ ಬಹುಮಟ್ಟಿಗೆ ಕೂಡಿಬರುತ್ತದೆ. ಹತ್ತು ಪಟ್ಟು ವ್ಯತ್ಯಾಸ ಬಂದರೆ ನೀವು ಎಲ್ಲೋ ಮಾನ ತಪ್ಪಿಸಿದ್ದೀರಿ. ಮೂರನೆಯ ಬಾಗಿಲು ತೆರೆದಿರುವ ದತ್ತಾಂಶದಲ್ಲಿ ಮಾತ್ರ ಲೆಕ್ಕ ಪೂರ್ತಿ ಕೂಡುವುದಿಲ್ಲ. ಪ್ರತಿ ತಿದ್ದುಪಡಿಯೂ ನೀರನ್ನು ಸೇರಿಸುತ್ತದೆ ಅಥವಾ ತೆಗೆಯುತ್ತದೆ.

6. ಬರಿಯ ಸಂಖ್ಯೆಯನ್ನು ಬಿಟ್ಟು ವಾಡಿಕೆಯಿಂದ ಆದ ವ್ಯತ್ಯಾಸವನ್ನು ನೋಡಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಂದು ಮಾದರಿ 0.18 ಎಂದಿತು, ಇನ್ನೊಂದು 0.30. ಪ್ರತಿ ಮಾದರಿಯ ಮಣ್ಣಿಗೂ ಅದರದೇ ಒಣಗುವ ಮಿತಿ, ನೆನೆಯುವ ಮಿತಿ ಇರುತ್ತವೆ. ಹಾಗಾಗಿ ಒಂದರ 0.18 ಇನ್ನೊಂದರ 0.18ಕ್ಕೆ ಸಮನಲ್ಲ.

ಇಬ್ಬರ ಇತಿಹಾಸವನ್ನೂ ತೆಗೆಯಿರಿ. ಮೊದಲನೆಯದರಲ್ಲಿ ಜುಲೈ ತಿಂಗಳ ಅನೇಕ ವರ್ಷಗಳ ಸರಾಸರಿ 0.22, ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ, ಅಂದರೆ ಮಾನಕ ವಿಚಲನೆ, 0.02 ಎಂದುಕೊಳ್ಳೋಣ. ಈ ವರ್ಷದ 0.18 ವಾಡಿಕೆಗಿಂತ 0.04 ಕಡಿಮೆ, ಮಾನಕ ವಿಚಲನೆಯಿಂದ ಭಾಗಿಸಿದರೆ -2. ಎರಡನೆಯದರ ಜುಲೈ ಸರಾಸರಿ 0.36, ವಿಚಲನೆ 0.03. ಅದರ 0.30 ವಾಡಿಕೆಗಿಂತ 0.06 ಕಡಿಮೆ; ಭಾಗಿಸಿದರೆ ಅದೂ -2. ಜಗಳವಾಡುತ್ತಿದ್ದಂತೆ ಕಂಡ ಎರಡೂ ಕಡತಗಳು ಒಂದೇ ಮಾತನ್ನು ಹೇಳುತ್ತಿದ್ದವು: ಈ ಜುಲೈ ಬಹಳ ಒಣಗಿದೆ.

ವಾಡಿಕೆ ಲೆಕ್ಕ ಹಾಕಲು ಕ್ಯಾಲೆಂಡರಿನ ಪ್ರತಿ ತಿಂಗಳಿಗೂ ಬೇರೆ ಬೇರೆ ಸರಾಸರಿ ತೆಗೆಯಿರಿ. ಮೂವತ್ತು ವರ್ಷ ಒಳ್ಳೆಯದು, ಇಪ್ಪತ್ತಕ್ಕಿಂತ ಕಡಿಮೆಯಾದರೆ ಅದನ್ನು ನಕ್ಷೆಯ ಕೆಳಗೆ ಬರೆಯಿರಿ. ಒಂದು ಎಚ್ಚರಿಕೆ: ದಾಖಲೆಯನ್ನು ಉದ್ದ ಮಾಡುವ ಆಸೆಯಿಂದ ಜಿಎಲ್‌ಡಿಎಎಸ್ 2.0ಕ್ಕೆ 2.1ನ್ನು ಅಂಟಿಸಬೇಡಿ. ಎರಡರ ಮಳೆ ಮತ್ತು ಬಿಸಿಲಿನ ಮೂಲಗಳು ಬೇರೆ. ಅಂಟಿಸಿದ ಜಾಗದಲ್ಲಿ ಕಾಣುವ ಜಿಗಿತ ಹವಾಮಾನದ ಬದಲಾವಣೆಯಲ್ಲ, ಕಡತದ ಬದಲಾವಣೆ.

7. ಒಳಗೆ ಬಾರದ ವೀಕ್ಷಣೆಯಿಂದ ಒರೆಗೆ ಹಚ್ಚಿ

ಮಾದರಿಯೊಳಕ್ಕೆ ಬಿಟ್ಟ ಮಳೆಯನ್ನೇ ಮತ್ತೆ ತಂದು ಮಾದರಿಯನ್ನು ಪರೀಕ್ಷಿಸಿದರೆ ಅದು ಪರೀಕ್ಷೆಯಲ್ಲ. ಎರಡನೆಯ ಹಂತದ ಮೂರು ಬಾಗಿಲುಗಳಲ್ಲಿ ಯಾವುದರಿಂದಲೂ ಬಾರದ ವೀಕ್ಷಣೆ ಬೇಕು. ಮಣ್ಣಿನಲ್ಲಿ ಹೂತಿಟ್ಟ ಸಂವೇದಕಗಳ ದಾಖಲೆಗಳನ್ನು ಒಟ್ಟುಗೂಡಿಸುವ ಅಂತರರಾಷ್ಟ್ರೀಯ ಮಣ್ಣಿನ ತೇವಾಂಶ ಜಾಲವಿದೆ, ದತ್ತಾಂಶ ಉಚಿತ. ಆವಿಯಾಗುವಿಕೆಗೆ ಫ್ಲಕ್ಸ್‌ನೆಟ್ ಗೋಪುರಗಳ ದಾಖಲೆ ಇದೆ. ಹರಿವಿಗೆ ನದಿಯ ಮಾಪನ ಕೇಂದ್ರಗಳು.

ಸಂವೇದಕದ ಆಳವನ್ನೂ ಮಾದರಿಯ ಪದರವನ್ನೂ ಹೊಂದಿಸಿ. ಹೆಪ್ಪುಗಟ್ಟಿದ ದಿನಗಳನ್ನು ಬಿಡಿ. ನೇರ ಸಹಸಂಬಂಧವನ್ನು, ಅಂದರೆ ಎರಡು ದಾಖಲೆಗಳು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಂಕವನ್ನು, ನೋಡಿ ಸಂತೋಷಪಡಬೇಡಿ, ಏಕೆಂದರೆ ಮಳೆಗಾಲದಲ್ಲಿ ಎರಡೂ ಏರುತ್ತವೆ, ಬೇಸಿಗೆಯಲ್ಲಿ ಎರಡೂ ಇಳಿಯುತ್ತವೆ. ಅಷ್ಟರಿಂದಲೇ ಅಂಕ ಚೆನ್ನಾಗಿ ಬಂದುಬಿಡುತ್ತದೆ. ಋತುವಿನ ಏರಿಳಿತ ಕಳೆದ ಮೇಲೆ ಉಳಿಯುವ ವ್ಯತ್ಯಾಸಗಳ ನಡುವಿನ ಸಹಸಂಬಂಧವೇ ನಿಜವಾದ ಒರೆಗಲ್ಲು. ಸ್ಮ್ಯಾಪ್ ಯೋಜನೆ ತನಗೆ ಹಾಕಿಕೊಂಡ ಗುರಿ, ಸ್ಥಿರವಾದ ಸರಾಸರಿ ವ್ಯತ್ಯಾಸವನ್ನು ಕಳೆದ ನಂತರ ಉಳಿಯುವ ದೋಷ ಗಾತ್ರದ 0.04 ಪಾಲಿನೊಳಗಿರಬೇಕು ಎಂಬುದು. ನಿಮಗೆ ಸಿಕ್ಕ ದೋಷವನ್ನು ಅಳೆಯಲು ಅದು ಒಳ್ಳೆಯ ಗೆರೆ.

ಒಂದು ಸಂವೇದಕ ಅಂಗೈಯಷ್ಟು ಜಾಗವನ್ನು ಅಳೆಯುತ್ತದೆ, ಚೌಕ ಹತ್ತಾರರಿಂದ ನೂರಾರು ಚದರ ಕಿಲೋಮೀಟರ್. ಒಂದೇ ಕೇಂದ್ರ ಒಪ್ಪಲಿಲ್ಲವೆಂದು ಮಾದರಿಯನ್ನು ತಳ್ಳಿಹಾಕುವುದು ಅನ್ಯಾಯ.

8. ಬೆಸುಗೆಯನ್ನು ಒಮ್ಮೆ ಕೈಯಾರೆ ಮಾಡಿ ನೋಡಿ

ಕಾಗದ, ಪೆನ್ಸಿಲ್ ಸಾಕು. ಇದನ್ನು ಒಮ್ಮೆ ಮಾಡಿದವರಿಗೆ ಈ ಇಡೀ ಕ್ಷೇತ್ರ ತೆರೆದುಕೊಳ್ಳುತ್ತದೆ ಎಂದು ನಾನು ಮನಸಾರೆ ನಂಬಿದ್ದೇನೆ.

ಮಾದರಿ ಹೇಳಿದ ತೇವಾಂಶ 0.20, ಅದರ ದೋಷದ ಅಂದಾಜು 0.06. ಉಪಗ್ರಹ ಕಂಡದ್ದು 0.28, ಅದರ ದೋಷ 0.04. ದೋಷಗಳ ವರ್ಗ ತೆಗೆಯಿರಿ: 0.0036 ಮತ್ತು 0.0016. ಮಾದರಿಯ ದೋಷವರ್ಗವನ್ನು ಎರಡರ ಮೊತ್ತದಿಂದ ಭಾಗಿಸಿ: 0.0036 ÷ 0.0052, ಸುಮಾರು 0.69. ಇದಕ್ಕೆ ಕಾಲ್ಮನ್ ಗಳಿಕೆ ಎಂದು ಹೆಸರು. ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಕ್ರಮ. ವೀಕ್ಷಣೆಯ ಕಡೆಗೆ ಎಷ್ಟು ದೂರ ಸರಿಯಬೇಕೆಂದು ಅದು ಹೇಳುತ್ತದೆ. ಇಬ್ಬರ ನಡುವಿನ ಅಂತರ 0.08, ಅದರ 0.69 ಪಾಲು ಸುಮಾರು 0.055. ಹೊಸ ಅಂದಾಜು 0.255. ಇದರ ದೋಷವನ್ನೂ ಲೆಕ್ಕ ಹಾಕಿ: 0.0036ರ 0.31 ಪಾಲಿನ ವರ್ಗಮೂಲ, ಸುಮಾರು 0.033. ಅದು ಮಾದರಿಯ ದೋಷಕ್ಕಿಂತಲೂ ಚಿಕ್ಕದು, ಉಪಗ್ರಹದ ದೋಷಕ್ಕಿಂತಲೂ ಚಿಕ್ಕದು. ಎರಡು ಅರೆಬರೆ ತಿಳಿವಳಿಕೆಗಳು ಕೂಡಿ ಎರಡಕ್ಕಿಂತ ಮೇಲಾದ ತಿಳಿವಳಿಕೆ ಹುಟ್ಟಿತು.

ಈ ಲೆಕ್ಕಕ್ಕೆ ಒಂದು ಷರತ್ತಿದೆ: ಇಬ್ಬರ ದೋಷವೂ ಮೇಲೆ ಕೆಳಗೆ ತೂಗಾಡುವಂಥದ್ದಾಗಿರಬೇಕು, ಒಂದೇ ಕಡೆಗೆ ವಾಲಿರಬಾರದು. ಉಪಗ್ರಹ ಯಾವಾಗಲೂ ಮಾದರಿಗಿಂತ ಹೆಚ್ಚು ಹಸಿ ತೋರಿಸುತ್ತಿದ್ದರೆ ಪ್ರತಿ ತಿದ್ದುಪಡಿಯಲ್ಲೂ ಮಾದರಿಗೆ ಇಲ್ಲದ ನೀರನ್ನು ಸುರಿದಂತಾಗುತ್ತದೆ. ಆ ನೀರು ಹುಸಿ ಹರಿವಾಗಿಯೋ ಹುಸಿ ಆವಿಯಾಗಿಯೋ ಹೊರಗೆ ಹೋಗುತ್ತದೆ. ಆದ್ದರಿಂದ ಮೊದಲು ಇಬ್ಬರ ದೀರ್ಘ ದಾಖಲೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ಉಪಗ್ರಹದ ಹತ್ತನೇ ಶೇಕಡಾಂಕವನ್ನು (ನೂರರಲ್ಲಿ ಹತ್ತು ಪಾಲು ಮೌಲ್ಯಗಳು ಇದಕ್ಕಿಂತ ಕಡಿಮೆ) ಮಾದರಿಯ ಹತ್ತನೇ ಶೇಕಡಾಂಕಕ್ಕೆ, ಐವತ್ತನೆಯದನ್ನು ಐವತ್ತನೆಯದಕ್ಕೆ ಹೊಂದಿಸುತ್ತಾರೆ. ಇದನ್ನು ವಿತರಣೆ ಹೊಂದಾಣಿಕೆ ಎನ್ನಬಹುದು. ಇದರ ಬೆಲೆಯೂ ಇದೆ: ಉಪಗ್ರಹ ಕಂಡ ನೀರಾವರಿಯಂತಹ ನಿಜವಾದ ವ್ಯತ್ಯಾಸವನ್ನೂ ಈ ಹೊಂದಾಣಿಕೆ ಅಳಿಸಿಹಾಕಬಲ್ಲದು.

ಮಾದರಿಯ ದೋಷ 0.06 ಎಂದು ಹೇಗೆ ಗೊತ್ತು? ಅದಕ್ಕಾಗಿ ಒಂದೇ ಮಾದರಿಯ ಹಲವು ಪ್ರತಿಗಳನ್ನು, ಮಳೆ ಬಿಸಿಲುಗಳನ್ನು ಸ್ವಲ್ಪ ಸ್ವಲ್ಪ ಅಲುಗಿಸಿ, ಒಟ್ಟಿಗೆ ಓಡಿಸುತ್ತಾರೆ. ಪ್ರತಿಗಳು ಎಷ್ಟು ಚದುರಿದವೋ ಅಷ್ಟು ದೋಷ. ಇದು 1994ರಲ್ಲಿ ಗೈರ್ ಎವೆನ್ಸೆನ್ ರೂಪಿಸಿದ ಎನ್ಸೆಂಬಲ್ ಕಾಲ್ಮನ್ ಫಿಲ್ಟರ್. ಎನ್ಸೆಂಬಲ್ ಎಂದರೆ ಪ್ರತಿಗಳ ಸಮೂಹ. ಸ್ಮ್ಯಾಪ್ ನಾಲ್ಕನೇ ಮಟ್ಟದಲ್ಲಿ ಇಂತಹ 24 ಪ್ರತಿಗಳಿವೆ. ಮೇಲಿನ 5 ಸೆಂಟಿಮೀಟರನ್ನಷ್ಟೇ ಕಂಡ ಉಪಗ್ರಹ ಒಂದು ಮೀಟರ್ ಆಳವನ್ನು ತಿದ್ದುವುದು ಹೇಗೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ: ಮೇಲ್ಪದರ ಹಸಿಯಾಗಿರುವ ಪ್ರತಿಗಳಲ್ಲಿ ಬೇರುವಲಯವೂ ಸಾಮಾನ್ಯವಾಗಿ ಹಸಿಯಾಗಿದ್ದರೆ, ಆ ನಂಟಿನ ಬಲದಷ್ಟು ತಿದ್ದುಪಡಿ ಕೆಳಕ್ಕೂ ಇಳಿಯುತ್ತದೆ.

ನೀವೇ ಮಾದರಿ ಓಡಿಸುವ ಹಂತಕ್ಕೆ ಬಂದರೆ ನಾಸಾದ ಲ್ಯಾಂಡ್ ಇನ್ಫರ್ಮೇಶನ್ ಸಿಸ್ಟಂ ಮುಕ್ತ ತಂತ್ರಾಂಶವಾಗಿ ಸಿಗುತ್ತದೆ. ಆರಂಭದ ಕೆಲವು ವರ್ಷಗಳ ಫಲಿತಾಂಶವನ್ನು ಬಳಸಬೇಡಿ. ಆಳದ ಪದರಗಳು ನೀವು ಕೊಟ್ಟ ಆರಂಭದ ಊಹೆಯನ್ನು ಮರೆಯಲು ಕಾಲ ಬೇಕು.

9. ಅಂತರ್ಜಲ ಬೇಕಾದರೆ ಗ್ರೇಸ್ ಉಪಗ್ರಹಗಳನ್ನು ಸೇರಿಸಿ

ನೋವಾದಂತಹ ಮಾದರಿಯಲ್ಲಿ ಅಂತರ್ಜಲವೂ ಇಲ್ಲ, ಕೊಳವೆಬಾವಿಯ ಪಂಪೂ ಇಲ್ಲ. ಆ ಕೊರತೆ ತುಂಬುವುದು ಗ್ರೇಸ್. 2002ರಿಂದ 2017ರವರೆಗೆ ಒಂದು ಜೋಡಿ ಉಪಗ್ರಹಗಳು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೊಂದು ಸುತ್ತಿದವು. 2018ರ ಮೇ 22ರಂದು ಹಾರಿದ ಗ್ರೇಸ್-ಎಫ್‌ಒ ಎಂಬ ಉತ್ತರಾಧಿಕಾರಿ ಜೋಡಿ ಈಗ ಆ ಕೆಲಸ ಮಾಡುತ್ತಿದೆ. ಕೆಳಗಿನ ನೆಲದಲ್ಲಿ ನೀರು ಹೆಚ್ಚಾದರೆ ಗುರುತ್ವ ಹೆಚ್ಚುತ್ತದೆ, ಜೋಡಿಯ ನಡುವಿನ ಅಂತರ ಕೂದಲೆಳೆಗಿಂತ ಕಡಿಮೆ ಪ್ರಮಾಣದಲ್ಲಿ ಬದಲಾಗುತ್ತದೆ. ಅದನ್ನು ಅಳೆದು ತಿಂಗಳಿಗೊಮ್ಮೆ ಒಟ್ಟು ನೀರಿನ ಏರಿಳಿತ ತಿಳಿಯುತ್ತಾರೆ.

ಒಟ್ಟು ನೀರಿನ ಬದಲಾವಣೆಯಿಂದ ಮಾದರಿ ಹೇಳುವ ಮಣ್ಣಿನ ತೇವಾಂಶ, ಹಿಮ, ಮೇಲ್ಮೈ ನೀರಿನ ಬದಲಾವಣೆಯನ್ನು ಕಳೆದರೆ ಉಳಿಯುವುದು ಅಂತರ್ಜಲ. ಇದೇ ಕ್ರಮದಿಂದ ನಾಸಾದ ವಿಜ್ಞಾನಿ ಮ್ಯಾಥ್ಯೂ ರೊಡೆಲ್ ಮತ್ತು ಸಂಗಡಿಗರು 2009ರಲ್ಲಿ ರಾಜಸ್ಥಾನ, ಪಂಜಾಬ್, ಹರಿಯಾಣಗಳಲ್ಲಿ 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್‌ವರೆಗೆ ಸುಮಾರು 109 ಘನ ಕಿಲೋಮೀಟರ್ ಅಂತರ್ಜಲ ಬರಿದಾಯಿತೆಂದು ತೋರಿಸಿದರು. ಮಾದರಿ ಒಂದರಿಂದಲೇ ಅದು ಕಾಣುತ್ತಿರಲಿಲ್ಲ, ಉಪಗ್ರಹ ಒಂದರಿಂದಲೇ ಅದು ಅಂತರ್ಜಲವೆಂದು ತಿಳಿಯುತ್ತಿರಲಿಲ್ಲ.

ನಾಲ್ಕು ಎಚ್ಚರಿಕೆಗಳು. ಗ್ರೇಸ್ ನೋಟ ಸುಮಾರು 300 ಕಿಲೋಮೀಟರ್ ಅಗಲದ್ದು; ಒಂದು ತಾಲ್ಲೂಕಿನಷ್ಟು ಜಾಗಕ್ಕೆ ಇದನ್ನು ಅನ್ವಯಿಸಬೇಡಿ. 2017ರ ಮಧ್ಯದಿಂದ 2018ರ ಮಧ್ಯದವರೆಗೆ ದಾಖಲೆಯಲ್ಲಿ ಬಿರುಕಿದೆ; ಅದನ್ನು ನೇರ ಗೆರೆಯಿಂದ ಮುಚ್ಚಬೇಡಿ. ಗ್ರೇಸ್ ಸಂಖ್ಯೆಗಳು ಸಾಮಾನ್ಯವಾಗಿ 2004–2009ರ ಸರಾಸರಿಯಿಂದ ಆದ ವ್ಯತ್ಯಾಸಗಳು; ಮಾದರಿಯಿಂದಲೂ ಅದೇ ಅವಧಿಯ ಸರಾಸರಿ ಕಳೆದ ನಂತರವೇ ಎರಡನ್ನೂ ಸೇರಿಸಿ. ಜಿಎಲ್‌ಡಿಎಎಸ್ 2.2ರಲ್ಲಿ ಗ್ರೇಸ್ ಈಗಾಗಲೇ ಮೂರನೆಯ ಬಾಗಿಲಿನಿಂದ ಒಳಗೆ ಬಂದಿದೆ. ಆದ್ದರಿಂದ ಗ್ರೇಸ್‌ನಿಂದ ಅದನ್ನು ಕಳೆಯುವುದಾಗಲಿ, ಗ್ರೇಸ್‌ನಿಂದ ಅದನ್ನು ಪರೀಕ್ಷಿಸುವುದಾಗಲಿ ಸಲ್ಲದು.

10. ನಕ್ಷೆಯ ಕೆಳಗೆ ಇದನ್ನು ಬರೆಯಿರಿ

ದತ್ತಾಂಶದ ಹೆಸರು, ಆವೃತ್ತಿ, ಮಾದರಿ, ಆಳ, ವಾಡಿಕೆಯ ಅವಧಿ, ವೀಕ್ಷಣೆ ಬಂದ ಬಾಗಿಲು. ನೀರಾವರಿ ಹೆಚ್ಚಿರುವ ಪ್ರದೇಶವಾದರೆ ಮಾದರಿಯಲ್ಲಿ ನೀರಾವರಿ ಇದೆಯೇ ಇಲ್ಲವೇ ಎಂಬುದನ್ನೂ ಸೇರಿಸಿ. ಅದಿಲ್ಲದ ಮಾದರಿ ಬೇಸಿಗೆಯ ಹಸಿರು ಹೊಲವನ್ನೂ ಬರಡು ಎಂದೇ ತೋರಿಸುತ್ತದೆ, ಓದುಗರು ಅದನ್ನು ನಂಬಿಬಿಡುತ್ತಾರೆ.

ಸಾಧ್ಯವಾದರೆ ಕನಿಷ್ಠ ಮೂರು ಮಾದರಿಗಳ ವಾಡಿಕೆಯ ವ್ಯತ್ಯಾಸವನ್ನು ಒಂದೇ ಚೌಕಜಾಲಕ್ಕೆ ತಂದು ಪಕ್ಕಪಕ್ಕದಲ್ಲಿ ಇಡಿ. ಮೂರೂ ಒಣ ಎಂದ ಕಡೆ ಗಾಢ ಬಣ್ಣ ತುಂಬಿ. ಎರಡು ಒಣ, ಒಂದು ಹಸಿ ಎಂದ ಕಡೆ ಬಣ್ಣವನ್ನು ತಿಳಿಗೊಳಿಸಿ ಮೇಲೆ ಓರೆಗೆರೆ ಎಳೆಯಿರಿ. ಆ ಗೆರೆಗಳ ಅರ್ಥವನ್ನು ನಕ್ಷೆಯ ಮೂಲೆಯಲ್ಲಿ ಸ್ಪಷ್ಟ ಅಕ್ಷರದಲ್ಲಿ ಬರೆಯಿರಿ.